ಕೊಲೆಸ್ಟ್ರಾಲ್ ವರದಿ ಕೈಗೆ ಬಂದ ಮೇಲೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ನಲವತ್ತು ದಾಟಿದ ಓದುಗರು ಬರೆಯುವ ಪತ್ರಗಳಲ್ಲಿ ಕೊಲೆಸ್ಟ್ರಾಲ್ ಬಗೆಗಿನ ಪ್ರಶ್ನೆಗಳು ಹೆಚ್ಚುತ್ತಿರುವುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಕೈಬಿಟ್ಟಿದ್ದೇನೆ. ಇಲ್ಲಿ ಕೊಟ್ಟಿರುವ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ವರದಿಯು ಮಿಲಿಮೋಲ್ ಲೆಕ್ಕದಲ್ಲಿದ್ದರೆ ಕೊಲೆಸ್ಟ್ರಾಲ್ ಅಂಕಿಯನ್ನು 38.7ರಿಂದ, ಟ್ರೈಗ್ಲಿಸರೈಡ್ ಅಂಕಿಯನ್ನು 88.6ರಿಂದ ಗುಣಿಸಿಕೊಂಡು ಓದಬಹುದು. ವರದಿಯಲ್ಲಿ ಬರುವ ಎಲ್‌ಡಿಎಲ್ ಎಂದರೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವ, ‘ಕೆಟ್ಟದ್ದು’ ಎಂದು ಕರೆಯುವ ಕೊಲೆಸ್ಟ್ರಾಲ್; ಎಚ್‌ಡಿಎಲ್ ಎಂದರೆ ‘ಒಳ್ಳೆಯದು’ ಎಂದು ಕರೆಯುವ ಕೊಲೆಸ್ಟ್ರಾಲ್; ಟ್ರೈಗ್ಲಿಸರೈಡ್ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು.

ಪ್ರಶ್ನೆ: ನನಗೆ 46 ವರ್ಷ. ತೆಳ್ಳಗಿದ್ದೇನೆ, ದಿನವೂ ನಡೆಯುತ್ತೇನೆ, ಯಾವ ತೊಂದರೆಯೂ ಇಲ್ಲ. ಕಚೇರಿಯಲ್ಲಿ ಮಾಡಿಸಿದ ತಪಾಸಣೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 242, ಎಲ್‌ಡಿಎಲ್ 158, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 200 ಎಂದು ಬಂದಿದೆ. ನನ್ನಂಥವನಿಗೆ ಇದು ಹೇಗೆ ಬಂತು? ಕೂಡಲೇ ಮಾತ್ರೆ ಶುರುಮಾಡಬೇಕೇ?

ಉತ್ತರ: ತೊಂದರೆ ಏನೂ ಕಾಣಿಸುತ್ತಿಲ್ಲ ಎಂಬುದರಿಂದ ಸಮಾಧಾನ ಪಡುವಂತಿಲ್ಲ, ಏಕೆಂದರೆ ಹೆಚ್ಚಿದ ಕೊಲೆಸ್ಟ್ರಾಲ್ ನೋವನ್ನಾಗಲಿ ಆಯಾಸವನ್ನಾಗಲಿ ಉಂಟುಮಾಡುವುದಿಲ್ಲ, ಅದರ ಪರಿಣಾಮ ರಕ್ತನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ತೆಳ್ಳಗಿರುವವರಿಗೆ ಇದು ಬರುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ರಕ್ತದಲ್ಲಿ ಹರಿಯುವ ಎಲ್‌ಡಿಎಲ್ ಕಣಗಳನ್ನು ಯಕೃತ್ತಿನ ಜೀವಕೋಶಗಳು ತಮ್ಮ ಮೇಲ್ಮೈಯಲ್ಲಿರುವ ಗ್ರಾಹಕಗಳ ಮೂಲಕ ಹಿಡಿದು ಒಳಗೆ ಸೆಳೆದುಕೊಳ್ಳುತ್ತವೆ. ಈ ಗ್ರಾಹಕಗಳನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅವು ಎಷ್ಟಿರುತ್ತವೆ, ಎಷ್ಟು ಚುರುಕಾಗಿ ಕೆಲಸ ಮಾಡುತ್ತವೆ ಎಂಬುದು ದೊಡ್ಡ ಪ್ರಮಾಣದಲ್ಲಿ ಹುಟ್ಟಿನಿಂದಲೇ ಬಂದದ್ದಾಗಿರುತ್ತದೆ. ಹಾಗಾಗಿ ಒಂದೇ ಊಟ ಮಾಡುವ ಇಬ್ಬರ ವರದಿಗಳಲ್ಲಿ ಬಹಳ ಅಂತರವಿದ್ದರೆ ಆಶ್ಚರ್ಯವಿಲ್ಲ. ನಿಮ್ಮ ನಡಿಗೆ ವ್ಯರ್ಥವಾಯಿತು ಎಂದು ಮಾತ್ರ ಭಾವಿಸಬೇಡಿ. ನಡಿಗೆಯಿಂದ ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ ಇವೆಲ್ಲಕ್ಕೂ ಅನುಕೂಲವಿದೆ; ಎಲ್‌ಡಿಎಲ್ ಮೇಲೆ ಅದರ ಪ್ರಭಾವ ಕಡಿಮೆ, ಅಷ್ಟೆ.

ಇನ್ನು ವರದಿಯನ್ನು ಓದುವ ಬಗೆ. ಎಲ್ಲರ ಕಣ್ಣೂ ಮೊದಲು ಒಟ್ಟು ಕೊಲೆಸ್ಟ್ರಾಲ್ ಮೇಲೆ ಬೀಳುತ್ತದೆ, ಆದರೆ ತೀರ್ಮಾನಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಎಲ್‌ಡಿಎಲ್ ಹಾಗೂ ಒಟ್ಟು ಅಂಕಿಯಿಂದ ಎಚ್‌ಡಿಎಲ್ ಕಳೆದಾಗ ಉಳಿಯುವ ಮೊತ್ತ. ನಿಮ್ಮ ವಿಷಯದಲ್ಲಿ ಈ ಮೊತ್ತ 198. ರಕ್ತನಾಳದ ಗೋಡೆಯನ್ನು ಹೊಕ್ಕು ಅಲ್ಲಿ ಉಳಿದುಕೊಳ್ಳಬಲ್ಲ ಎಲ್ಲ ಬಗೆಯ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಸೇರಿರುವುದರಿಂದ, ಟ್ರೈಗ್ಲಿಸರೈಡ್ ಕೂಡ ಹೆಚ್ಚಿರುವ ನಿಮ್ಮಂಥವರಿಗೆ ಇದು ಎಲ್‌ಡಿಎಲ್‌ಗಿಂತಲೂ ಚೆನ್ನಾಗಿ ಪರಿಸ್ಥಿತಿಯನ್ನು ತಿಳಿಸುತ್ತದೆ. ಸಾಮಾನ್ಯವಾಗಿ ಇದರ ಗುರಿಯನ್ನು ಎಲ್‌ಡಿಎಲ್ ಗುರಿಗಿಂತ 30ರಷ್ಟು ಮೇಲಕ್ಕೆ ಇಟ್ಟುಕೊಳ್ಳುತ್ತೇವೆ.

ನನ್ನ ದೃಷ್ಟಿಯಲ್ಲಿ ನಡುವಯಸ್ಸಿನವರು ಅರಿಯಲೇಬೇಕಾದ ಸಂಗತಿ ಒಂದಿದೆ. ರಕ್ತನಾಳಕ್ಕೆ ಆಗುವ ಹಾನಿಯನ್ನು ಇಂದಿನ ಅಂಕಿಯೊಂದೇ ನಿರ್ಧರಿಸುವುದಿಲ್ಲ. ಅದು ಎಷ್ಟು ವರ್ಷಗಳಿಂದ ಹಾಗೆ ಇದೆ ಎಂಬುದೂ ಸೇರಿ ನಿರ್ಧರಿಸುತ್ತದೆ. ತೀರಿಸದೆ ಬಿಟ್ಟ ಸಾಲಕ್ಕೆ ಬಡ್ಡಿ ಕೂಡುತ್ತ ಹೋಗುವಂತೆ, 158ರ ಎಲ್‌ಡಿಎಲ್ ಹತ್ತು ವರ್ಷ ಇದ್ದಾಗ ಆಗುವ ಹಾನಿಗಿಂತ ಇಪ್ಪತ್ತು ವರ್ಷ ಇದ್ದಾಗ ಆಗುವ ಹಾನಿ ಬಹಳ ಹೆಚ್ಚು. 46ರ ವಯಸ್ಸಿನಲ್ಲಿ ಇದು ಗೊತ್ತಾಗಿರುವುದನ್ನು ಒಳ್ಳೆಯ ಅವಕಾಶವೆಂದೇ ತಿಳಿಯಿರಿ.

ಮಾತ್ರೆಯ ಪ್ರಶ್ನೆಗೆ ಈ ನಾಲ್ಕು ಅಂಕಿಗಳಷ್ಟರಿಂದ ಉತ್ತರ ಹೇಳಲಾಗದು. ಮೊದಲು ಕೆಲವು ವಾರಗಳ ನಂತರ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಏಕೆಂದರೆ ಒಬ್ಬರದೇ ರಕ್ತದಲ್ಲಿ ದಿನದಿಂದ ದಿನಕ್ಕೆ ಶೇಕಡಾ 5ರಿಂದ 10ರಷ್ಟು ಏರಿಳಿತ ಸಹಜವಾಗಿಯೇ ಇರುತ್ತದೆ. ಅದರ ಜೊತೆಗೇ ಥೈರಾಯ್ಡ್, ರಕ್ತದ ಸಕ್ಕರೆ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳೂ ಆಗಲಿ. ಬಳಿಕ ವೈದ್ಯರು ನಿಮ್ಮ ವಯಸ್ಸು, ರಕ್ತದೊತ್ತಡ, ತಂಬಾಕಿನ ಅಭ್ಯಾಸ, ಮಧುಮೇಹ, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇವೆಲ್ಲವನ್ನೂ ಕೂಡಿಸಿ, ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯುವಿನ ಸಂಭವ ಎಷ್ಟೆಂದು ಅಂದಾಜು ಮಾಡುತ್ತಾರೆ. ಅದು ಕಡಿಮೆ ಇದ್ದರೆ ಆಹಾರ ಮತ್ತು ಅಭ್ಯಾಸಗಳನ್ನು ತಿದ್ದಿಕೊಂಡು ಮೂರು ತಿಂಗಳಲ್ಲಿ ಮತ್ತೆ ನೋಡಬಹುದು. ಹೆಚ್ಚಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಎರಡರ ನಡುವೆ ನಿಂತು ನಿರ್ಧಾರ ಕಷ್ಟವಾದಾಗ, ಹೃದಯದ ರಕ್ತನಾಳಗಳಲ್ಲಿ ಸುಣ್ಣದಂಶ ಸೇರಿದೆಯೇ ಎಂದು ನೋಡುವ ಸಿ.ಟಿ. ಸ್ಕ್ಯಾನ್ ನೆರವಿಗೆ ಬರುತ್ತದೆ.

ಪ್ರಶ್ನೆ: ರಕ್ತ ಕೊಡುವ ಮುನ್ನ 12 ಗಂಟೆ ಉಪವಾಸ ಇರಲೇಬೇಕೇ? ಒಂದು ಪ್ರಯೋಗಾಲಯದವರು ಬೇಕು ಎನ್ನುತ್ತಾರೆ, ಇನ್ನೊಂದರವರು ಬೇಡ ಎನ್ನುತ್ತಾರೆ.

ಉತ್ತರ: ಮೊದಲ ಪರೀಕ್ಷೆಗೆ ಸಾಮಾನ್ಯವಾಗಿ ಬೇಕಿಲ್ಲ. ಊಟದಿಂದ ಒಟ್ಟು ಕೊಲೆಸ್ಟ್ರಾಲ್ ಹಾಗೂ ಎಚ್‌ಡಿಎಲ್ ಅಂಕಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ಟ್ರೈಗ್ಲಿಸರೈಡ್ ಒಂದಿಷ್ಟು ಏರುತ್ತದೆ. ಯೂರೋಪಿನ ತಜ್ಞರ ಸಂಘಗಳು 2016ರಲ್ಲಿಯೇ ಉಪವಾಸವಿಲ್ಲದ ಪರೀಕ್ಷೆಯನ್ನು ವಾಡಿಕೆಯಾಗಿ ಒಪ್ಪಬಹುದೆಂದು ಹೇಳಿವೆ. ಆದರೆ ಹಾಗೆ ಕೊಟ್ಟ ರಕ್ತದಲ್ಲಿ ಟ್ರೈಗ್ಲಿಸರೈಡ್ 400 ದಾಟಿದ್ದರೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಬೇಕು. ಅನೇಕ ಪ್ರಯೋಗಾಲಯಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಲೆಕ್ಕ ಹಾಕುತ್ತವೆ. 1972ರಿಂದ ಬಳಕೆಯಲ್ಲಿರುವ ಈ ಸೂತ್ರ ಟ್ರೈಗ್ಲಿಸರೈಡ್ 400ರ ಮೇಲಿದ್ದಾಗ ನಂಬಲು ಬಾರದು. ಇನ್ನೂ ಒಂದು ಮಾತು: ಜ್ವರ, ಶಸ್ತ್ರಚಿಕಿತ್ಸೆ ಅಥವಾ ದೊಡ್ಡ ಕಾಯಿಲೆಯಿಂದ ಎದ್ದ ಹೊಸತರಲ್ಲಿ ಕೊಲೆಸ್ಟ್ರಾಲ್ ತಾತ್ಕಾಲಿಕವಾಗಿ ಇಳಿದಿರುತ್ತದೆ. ಆಗ ಬಂದ ಒಳ್ಳೆಯ ವರದಿಯನ್ನು ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ನನಗೆ 51 ವರ್ಷ. ಮುಟ್ಟು ನಿಂತು ಒಂದು ವರ್ಷವಾಯಿತು. ಮೂರು ವರ್ಷಗಳ ಹಿಂದೆ 118 ಇದ್ದ ಎಲ್‌ಡಿಎಲ್ ಈಗ 149 ಆಗಿದೆ. ಊಟದಲ್ಲಿ ಏನೂ ಬದಲಾಗಿಲ್ಲ. ಎಚ್‌ಡಿಎಲ್ 68 ಇರುವುದರಿಂದ ಚಿಂತೆಯಿಲ್ಲ ಎಂದು ಪರಿಚಿತರು ಹೇಳುತ್ತಾರೆ.

ಉತ್ತರ: ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಎಲ್‌ಡಿಎಲ್ ಏರುವುದು ಚೆನ್ನಾಗಿ ದಾಖಲಾಗಿರುವ ಸಂಗತಿ, ಈಸ್ಟ್ರೋಜೆನ್ ಹಾರ್ಮೋನು ಇಳಿದಾಗ ಯಕೃತ್ತಿನ ಗ್ರಾಹಕಗಳ ಚಟುವಟಿಕೆಯೂ ತಗ್ಗುತ್ತದೆ. ಆದ್ದರಿಂದ ನಿಮ್ಮ ಊಟದಲ್ಲಿ ತಪ್ಪು ಹುಡುಕುತ್ತ ಕೊರಗಬೇಕಿಲ್ಲ. ಆದರೆ ವಯಸ್ಸಿನ ಸಹಜ ಬದಲಾವಣೆ ಎಂದು ಬಿಟ್ಟುಬಿಡುವುದೂ ಸರಿಯಲ್ಲ, ಏಕೆಂದರೆ ಮಹಿಳೆಯರ ಹೃದಯದ ಅಪಾಯ ಏರತೊಡಗುವುದು ಈ ಘಟ್ಟದಿಂದಲೇ. ಈ ವಯಸ್ಸಿನ ಮಹಿಳೆಯರಲ್ಲಿ ಥೈರಾಯ್ಡ್ ಮಂದವಾಗುವುದೂ ಸಾಮಾನ್ಯ. ಅದು ಕೊಲೆಸ್ಟ್ರಾಲನ್ನು ಏರಿಸುತ್ತದೆ, ಚಿಕಿತ್ಸೆ ಕೊಟ್ಟಾಗ ಅನೇಕರಲ್ಲಿ ಕೊಲೆಸ್ಟ್ರಾಲೂ ತಾನಾಗಿ ಇಳಿಯುತ್ತದೆ. ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಇನ್ನೂ ಆಗಿರದಿದ್ದರೆ ಬೇರೆ ಏನನ್ನೂ ಮಾಡುವ ಮೊದಲು ಅದನ್ನು ಮಾಡಿಸಿ.

ಎಚ್‌ಡಿಎಲ್ ಬಗ್ಗೆ ನಿಮ್ಮ ಪರಿಚಿತರು ಹೇಳಿದ್ದು ಬಹಳ ಜನರ ನಂಬಿಕೆ. ಮಹಿಳೆಯರಲ್ಲಿ 50ಕ್ಕಿಂತ, ಪುರುಷರಲ್ಲಿ 40ಕ್ಕಿಂತ ಕಡಿಮೆ ಎಚ್‌ಡಿಎಲ್ ಇದ್ದರೆ ಅದು ಎಚ್ಚರಿಕೆಯ ಗುರುತು ಎಂಬುದು ನಿಜ. ಆದರೆ ಔಷಧಿ ಕೊಟ್ಟು ಎಚ್‌ಡಿಎಲ್ ಏರಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ ಹೃದಯಾಘಾತ ಕಡಿಮೆಯಾಗಲಿಲ್ಲ. ಹೆಚ್ಚಿರುವ ಎಚ್‌ಡಿಎಲ್ ಹೆಚ್ಚಿರುವ ಎಲ್‌ಡಿಎಲ್‌ನ ಹಾನಿಯನ್ನು ಅಳಿಸಿಹಾಕುವುದಿಲ್ಲ.

ಪ್ರಶ್ನೆ: ಕೊಲೆಸ್ಟ್ರಾಲ್ ಹೆಚ್ಚಿದೆ ಎಂದು ತಿಳಿದಂದಿನಿಂದ ಮೊಟ್ಟೆ, ಎಣ್ಣೆ, ಬೀಜಗಳು ಎಲ್ಲವನ್ನೂ ಬಿಟ್ಟಿದ್ದೇನೆ. ಆರು ತಿಂಗಳ ನಂತರವೂ ಎಲ್‌ಡಿಎಲ್ 165ರಿಂದ 157ಕ್ಕೆ ಮಾತ್ರ ಇಳಿದಿದೆ. ಇನ್ನೇನು ಬಿಡಬೇಕು?

ಉತ್ತರ: ಬಿಡಬೇಕಾದದ್ದಕ್ಕಿಂತ ಮರಳಿ ಸೇರಿಸಿಕೊಳ್ಳಬೇಕಾದದ್ದೇ ನಿಮ್ಮ ವಿಷಯದಲ್ಲಿ ಹೆಚ್ಚಿದೆ. ನಾವು ತಿನ್ನುವ ಕೊಲೆಸ್ಟ್ರಾಲ್ ರಕ್ತದ ಕೊಲೆಸ್ಟ್ರಾಲನ್ನು ಏರಿಸುವುದು ಹೆಚ್ಚಿನವರಲ್ಲಿ ಸ್ವಲ್ಪ ಮಾತ್ರ, ಏಕೆಂದರೆ ಹೊರಗಿನಿಂದ ಹೆಚ್ಚು ಬಂದಾಗ ದೇಹ ತನ್ನ ತಯಾರಿಕೆಯನ್ನು ಒಂದಿಷ್ಟು ತಗ್ಗಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ ಎಲ್‌ಡಿಎಲ್ ಏರಿಸುವುದು ಪರ್ಯಾಪ್ತ ಕೊಬ್ಬು, ಅಂದರೆ ಬೆಣ್ಣೆ, ಕೆನೆ, ಕೊಬ್ಬಿರುವ ಕೆಂಪು ಮಾಂಸ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಹಾಗೂ ಇವುಗಳಿಂದ ಮಾಡಿದ ಬೇಕರಿ ತಿನಿಸುಗಳಲ್ಲಿ ಇರುವಂಥದ್ದು. ಎಣ್ಣೆಯನ್ನು ಕೃತಕವಾಗಿ ಗಟ್ಟಿಗೊಳಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು. ದಿನದ ಒಟ್ಟು ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ಶೇಕಡಾ 10ನ್ನೂ ಟ್ರಾನ್ಸ್ ಕೊಬ್ಬಿನ ಪಾಲು ಶೇಕಡಾ 1ನ್ನೂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನೀವು ಬಿಟ್ಟಿರುವ ಬೀಜಗಳೂ ಸೂರ್ಯಕಾಂತಿ, ಸೋಯಾ, ಸಾಸಿವೆಯಂಥ ದ್ರವರೂಪದ ಎಣ್ಣೆಗಳೂ, ಬೆಣ್ಣೆಯಂಥ ಕೊಬ್ಬಿನ ಬದಲಿಗೆ ಮಿತವಾಗಿ ಬಳಸಿದಾಗ, ಎಲ್‌ಡಿಎಲ್ ಇಳಿಸುತ್ತವೆ. ಎಣ್ಣೆಯನ್ನು ಪೂರ್ತಿ ಬಿಟ್ಟು ಆ ಜಾಗವನ್ನು ಬಿಳಿ ಹಿಟ್ಟು ಮತ್ತು ಸಕ್ಕರೆಯಿಂದ ತುಂಬಿದರೆ ಟ್ರೈಗ್ಲಿಸರೈಡ್ ಏರಿ, ಎಚ್‌ಡಿಎಲ್ ಇಳಿಯುವ ಸಾಧ್ಯತೆಯೇ ಹೆಚ್ಚು. ಕರಗುವ ನಾರಿನತ್ತ ಗಮನ ಕೊಡಿ. ಓಟ್ಸ್, ಬಾರ್ಲಿ, ಬೇಳೆಕಾಳು, ಸೇಬಿನಂಥ ಹಣ್ಣುಗಳಲ್ಲಿರುವ ಈ ನಾರು ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದು ಹೊರಹಾಕುತ್ತದೆ, ಅವುಗಳನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಿಂದಲೇ ಕೊಲೆಸ್ಟ್ರಾಲ್ ಸೆಳೆದುಕೊಳ್ಳಬೇಕಾಗುತ್ತದೆ. ದಿನಕ್ಕೆ 5ರಿಂದ 10 ಗ್ರಾಂ ಕರಗುವ ನಾರು ಹೆಚ್ಚಿಸಿಕೊಂಡರೆ ಎಲ್‌ಡಿಎಲ್ ಸುಮಾರು ಶೇಕಡಾ 5ರಷ್ಟು ಇಳಿಯುತ್ತದೆ. ಕುದಿಸಿ ಸೋಸದೆ ಕುಡಿಯುವ ಕಾಫಿಯಲ್ಲಿ ಎಲ್‌ಡಿಎಲ್ ಏರಿಸುವ ಅಂಶವೊಂದಿದೆ. ಕಾಗದದ ಸೋಸುಕದಲ್ಲಿ ಇಳಿಸಿದರೆ ಅದರ ಬಹುಪಾಲು ಅಲ್ಲಿಯೇ ಉಳಿದುಬಿಡುತ್ತದೆ.

ಇಷ್ಟನ್ನೂ ಶ್ರದ್ಧೆಯಿಂದ ಮಾಡಿದರೂ ಇಳಿಕೆ ಶೇಕಡಾ 10ರಿಂದ 20ರಷ್ಟು ಇರಬಹುದೆಂದು ನಿರೀಕ್ಷಿಸಿ. ಅದಕ್ಕಿಂತ ಹೆಚ್ಚು ಬೇಕಿದ್ದು, ಆಹಾರದಿಂದ ಆಗದಿದ್ದರೆ ನಿಮ್ಮ ಸಂಕಲ್ಪದಲ್ಲಿ ಕೊರತೆಯಿದೆ ಎಂದರ್ಥವಲ್ಲ. ಊಟವನ್ನು ಶಿಕ್ಷೆಯಾಗಿ ಮಾಡಿಕೊಂಡ ಪಥ್ಯ ವರ್ಷಗಟ್ಟಲೆ ನಡೆಯುವುದಿಲ್ಲ, ಇಲ್ಲಿ ಬೇಕಿರುವುದಾದರೋ ವರ್ಷಗಟ್ಟಲೆ ನಡೆಯುವ ಪಥ್ಯವೇ.

ಪ್ರಶ್ನೆ: ನನಗೆ 54 ವರ್ಷ, ಮಧುಮೇಹವಿದೆ. ವೈದ್ಯರು ಸ್ಟ್ಯಾಟಿನ್ ಮಾತ್ರೆ ಕೊಟ್ಟರು. ಮೂರು ತಿಂಗಳಲ್ಲಿ ಎಲ್‌ಡಿಎಲ್ 152ರಿಂದ 84ಕ್ಕೆ ಇಳಿಯಿತು. ವರದಿ ಸರಿಯಾಯಿತು, ತೊಡೆಯಲ್ಲಿ ನೋವೂ ಇತ್ತು, ಹಾಗಾಗಿ ನಿಲ್ಲಿಸಿದೆ. ಜೀವನಪೂರ್ತಿ ನುಂಗಬೇಕಾಗುತ್ತದೆ, ಸಕ್ಕರೆ ಏರುತ್ತದೆ, ಲಿವರ್ ಹಾಳಾಗುತ್ತದೆ ಎಂದೂ ಕೇಳಿದ್ದೇನೆ.

ಉತ್ತರ: ನಿಮ್ಮ ಪತ್ರ ಓದಿ ನನಗೆ ಕಳವಳವಾಯಿತು, ಏಕೆಂದರೆ ಇಲ್ಲಿ ಬರೆದವರೆಲ್ಲರಲ್ಲಿ ಮಾತ್ರೆಯಿಂದ ಅತ್ಯಂತ ಹೆಚ್ಚು ಪ್ರಯೋಜನ ಪಡೆಯುವವರ ಸಾಲಿನಲ್ಲಿ ನೀವಿದ್ದೀರಿ. 40 ದಾಟಿದ ಮಧುಮೇಹಿಗಳಿಗೆ ಸ್ಟ್ಯಾಟಿನ್ ಕೊಡಬೇಕೆಂಬುದು ಹಲವು ಪ್ರಮುಖ ಮಾರ್ಗಸೂಚಿಗಳು ಹೇಳುವ ಮಾತು. 84ಕ್ಕೆ ಇಳಿದದ್ದು ಮಾತ್ರೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಸಾಕ್ಷಿ. ಕಾಯಿಲೆ ವಾಸಿಯಾಯಿತು ಎಂದು ಅದರಿಂದ ತಿಳಿಯುವಂತಿಲ್ಲ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಮಟ್ಟಕ್ಕೆ ಮರಳುತ್ತದೆ.

ಸ್ಟ್ಯಾಟಿನ್ ಗುಂಪಿನ ಮೊದಲ ಔಷಧಿ ಅಂಶವನ್ನು ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಶಿಲೀಂಧ್ರವೊಂದರಿಂದ ಬೇರ್ಪಡಿಸಿದರು. ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ಇದು ತಡೆದಾಗ, ಜೀವಕೋಶಗಳು ಗ್ರಾಹಕಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಲ್‌ಡಿಎಲ್ ಸೆಳೆದುಕೊಳ್ಳುತ್ತವೆ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ, ಹೃದಯರೋಗವಿದ್ದ 4,444 ಮಂದಿಯಲ್ಲಿ ಸಿಮ್ವಾಸ್ಟ್ಯಾಟಿನ್ ಪಡೆದವರ ಗುಂಪಿನಲ್ಲಿ ಸಾವಿನ ಪ್ರಮಾಣ ಶೇಕಡಾ 30ರಷ್ಟು ಕಡಿಮೆಯಿತ್ತು. ಅಲ್ಲಿಂದೀಚೆಗೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಲ್‌ಡಿಎಲ್ ಸುಮಾರು 39ರಷ್ಟು ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ದೊಡ್ಡ ಆಘಾತಗಳು ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ತಗ್ಗುತ್ತವೆ ಎಂದು ತಿಳಿದಿದೆ. ನಿಮ್ಮದು 68ರಷ್ಟು ಇಳಿದಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ನೋವಿನ ವಿಷಯವನ್ನು ನಾನು ತಳ್ಳಿಹಾಕುವುದಿಲ್ಲ. ಸ್ಟ್ಯಾಟಿನ್‌ನಿಂದ ಸ್ನಾಯುನೋವು ಕೆಲವರಿಗೆ ನಿಜವಾಗಿಯೂ ಬರುತ್ತದೆ. ಆದರೆ 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದನ್ನು ನಿಮಗೆ ತಿಳಿಸಬೇಕು. ಅಡ್ಡಪರಿಣಾಮವೆಂದು ಮಾತ್ರೆ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟು, ಇನ್ನು ಕೆಲವು ತಿಂಗಳು ಏನನ್ನೂ ಕೊಡದೆ, ಅವರು ಅನುಭವಿಸಿದ ತೊಂದರೆಯನ್ನು ದಿನವೂ ದಾಖಲಿಸಲಾಯಿತು. ಯಾವುದು ಯಾವ ಮಾತ್ರೆ ಎಂದು ಅವರಿಗೆ ತಿಳಿದಿರಲಿಲ್ಲ. ಸ್ಟ್ಯಾಟಿನ್ ತಿಂಗಳುಗಳಲ್ಲಿ ಕಂಡ ಹೆಚ್ಚುವರಿ ತೊಂದರೆಯ ಶೇಕಡಾ 90ರಷ್ಟು ಹುಸಿಮಾತ್ರೆಯ ತಿಂಗಳುಗಳಲ್ಲೂ ಕಂಡಿತು. ಅವರ ನೋವು ಸುಳ್ಳಾಗಿರಲಿಲ್ಲ; ಅದಕ್ಕೆ ಔಷಧಿ ಕಾರಣವಾಗಿದ್ದದ್ದು ಮಾತ್ರ ಬಹಳ ಕಡಿಮೆ. ಇದನ್ನು ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಮಾತ್ರೆಯನ್ನು ಮತ್ತೆ ಆರಂಭಿಸಿದರು.

ಸಕ್ಕರೆ ತುಸು ಏರುವುದು ನಿಜ, ಆದರೆ ಹೃದಯಕ್ಕೆ ಸಿಗುವ ರಕ್ಷಣೆ ಅದಕ್ಕಿಂತ ಬಹಳ ದೊಡ್ಡದು. ಯಕೃತ್ತಿಗೆ ಗಂಭೀರ ಹಾನಿಯಾಗುವುದು ಅತಿ ವಿರಳ. ನೀವು ಈಗ ಮಾಡಬೇಕಾದದ್ದು, ಮಾತ್ರೆ ಬಿಟ್ಟಿರುವುದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸುವುದು. ಪ್ರಮಾಣವನ್ನು ತಗ್ಗಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು, ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುವ ಎಜೆಟಿಮೈಬ್ ಎಂಬ ಮಾತ್ರೆ ಸೇರಿಸಬಹುದು. ಸ್ಟ್ಯಾಟಿನ್ ಪ್ರಮಾಣ ಇಮ್ಮಡಿಯಾದರೆ ಎಲ್‌ಡಿಎಲ್ ಇನ್ನು ಶೇಕಡಾ 6ರಷ್ಟು ಮಾತ್ರ ಇಳಿಯುವುದರಿಂದ, ಕಡಿಮೆ ಪ್ರಮಾಣದಲ್ಲಿಯೂ ಬಹುಪಾಲು ಲಾಭ ಉಳಿಯುತ್ತದೆ. ಆದರೆ ಸ್ನಾಯುಗಳಲ್ಲಿ ತೀವ್ರ ನೋವು ಮತ್ತು ನಿತ್ರಾಣ ಉಂಟಾಗಿ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದು ವಿರಳ, ಆದರೂ ತಿಳಿದಿರಬೇಕು. ನೈಸರ್ಗಿಕ ಎಂದು ಮಾರುವ ಕೆಂಪು ಯೀಸ್ಟ್ ಅಕ್ಕಿಯ ಗುಳಿಗೆಗಳನ್ನು ಇದರ ಬದಲಿಗೆ ತೆಗೆದುಕೊಳ್ಳಬೇಡಿ. ಅವುಗಳಲ್ಲಿ ಇರುವುದೂ ಲೊವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ನೇ, ಎಷ್ಟಿದೆ ಎಂಬುದಕ್ಕೆ ಮಾತ್ರ ಯಾವ ಖಾತ್ರಿಯೂ ಇಲ್ಲ.

ಪ್ರಶ್ನೆ: ಎಲ್‌ಡಿಎಲ್ ಸರಿಯಿದೆ, ಆದರೆ ಟ್ರೈಗ್ಲಿಸರೈಡ್ 620 ಬಂದಿದೆ. ವಾರದಲ್ಲಿ ಮೂರು ನಾಲ್ಕು ದಿನ ಮದ್ಯ ಸೇವಿಸುತ್ತೇನೆ.

ಉತ್ತರ: ಮದ್ಯವನ್ನು ಇಂದೇ ಪೂರ್ತಿ ನಿಲ್ಲಿಸಿ. 500 ದಾಟಿದ ಟ್ರೈಗ್ಲಿಸರೈಡ್ ಇನ್ನೂ ಏರುತ್ತ ಹೋದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿದೆ, ಅದು ಪ್ರಾಣಕ್ಕೇ ಎರವಾಗಬಲ್ಲದು. ನಿಮ್ಮ ವರದಿಯಲ್ಲಿ ಸರಿಯಿದೆ ಎಂದು ಕಂಡ ಎಲ್‌ಡಿಎಲ್ ಲೆಕ್ಕ ಹಾಕಿ ಬರೆದದ್ದಾಗಿದ್ದರೆ ಅದನ್ನೂ ನಂಬುವಂತಿಲ್ಲ. ಮಧುಮೇಹ ಇದೆಯೇ ಎಂದು ಪರೀಕ್ಷಿಸಿಕೊಂಡು, ಸಿಹಿ ಪಾನೀಯಗಳನ್ನು ಬಿಟ್ಟು, ಈ ವಾರದಲ್ಲೇ ವೈದ್ಯರನ್ನು ಕಾಣಿ. ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿನವರೆಗೆ ಹರಡುವ ತೀವ್ರ ನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ.

ಪ್ರಶ್ನೆ: ನನಗೆ 44 ವರ್ಷ. ಅಣ್ಣನಿಗೆ 42ನೆಯ ವಯಸ್ಸಿನಲ್ಲೇ ಹೃದಯಾಘಾತವಾಯಿತು. ನನ್ನ ಎಲ್‌ಡಿಎಲ್ 218. ನನಗೆ 12 ಮತ್ತು 16 ವರ್ಷದ ಮಕ್ಕಳಿದ್ದಾರೆ.

ಉತ್ತರ: 190 ದಾಟಿದ ಎಲ್‌ಡಿಎಲ್ ಮತ್ತು ಅಣ್ಣನ ಕಾಯಿಲೆ ಎರಡನ್ನೂ ಸೇರಿಸಿ ನೋಡಿದಾಗ, ಕೌಟುಂಬಿಕ ಹೈಪರ್‌ಕೊಲೆಸ್ಟ್ರಾಲೀಮಿಯಾ ಎಂಬ ವಂಶವಾಹಿ ದೋಷವನ್ನು ಶಂಕಿಸಲೇಬೇಕು. ಸರಿಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇರುವ ಈ ದೋಷದಲ್ಲಿ ಎಲ್‌ಡಿಎಲ್ ಹುಟ್ಟಿದಾಗಿನಿಂದಲೇ ಹೆಚ್ಚಿರುತ್ತದೆ. ಹಾಗಾಗಿ ನಿಮಗೆ ಹತ್ತು ವರ್ಷಗಳ ಅಪಾಯದ ಲೆಕ್ಕಾಚಾರ ಅನ್ವಯಿಸುವುದಿಲ್ಲ. ಥೈರಾಯ್ಡ್ ಮೊದಲಾದ ಬೇರೆ ಕಾರಣಗಳಿಲ್ಲವೆಂದು ಖಚಿತವಾದ ಕೂಡಲೇ ಚಿಕಿತ್ಸೆ ಆರಂಭವಾಗಬೇಕು. ಹಿಮ್ಮಡಿಯ ಸ್ನಾಯುರಜ್ಜು ದಪ್ಪವಾಗಿರುವುದು, ಚಿಕ್ಕ ವಯಸ್ಸಿನಲ್ಲೇ ಕಣ್ಣಿನ ಕಪ್ಪುಭಾಗದ ಸುತ್ತ ಬಿಳಿಯ ಉಂಗುರ ಮೂಡಿರುವುದು ಈ ದೋಷದ ಗುರುತುಗಳು, ಆದರೆ ಅವು ಎಲ್ಲರಲ್ಲೂ ಕಾಣಿಸುವುದಿಲ್ಲ. ಸ್ಟ್ಯಾಟಿನ್ ಮತ್ತು ಎಜೆಟಿಮೈಬ್ ಸಾಲದಿದ್ದರೆ, ಎರಡು ವಾರಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದುಗಳು ಎಲ್‌ಡಿಎಲ್ ಅನ್ನು ಇನ್ನೂ ಅರ್ಧದಷ್ಟು ಇಳಿಸುತ್ತವೆ.

ಈ ದೋಷ ನಿಮ್ಮಲ್ಲಿದ್ದರೆ ಪ್ರತಿ ಮಗುವಿಗೂ ಅದು ಬಂದಿರುವ ಸಂಭವ ಅರ್ಧದಷ್ಟು. ಇಬ್ಬರು ಮಕ್ಕಳಿಗೂ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. 12ರ ವಯಸ್ಸು ಇದಕ್ಕೆ ತೀರಾ ಚಿಕ್ಕದೇನಲ್ಲ. ಅಣ್ಣನ ಮಕ್ಕಳು ಹಾಗೂ ನಿಮ್ಮ ಇತರ ಒಡಹುಟ್ಟಿದವರಿಗೂ ಇದೇ ಮಾತು ತಲುಪಲಿ. ನೀವು ಒಮ್ಮೆ, ಎಲ್‌ಡಿಎಲ್ ಅನ್ನು ಹೋಲುವ ಇನ್ನೊಂದು ಕಣವಾದ ಲಿಪೊಪ್ರೋಟೀನ್ ಎ ಪರೀಕ್ಷೆಯನ್ನೂ ಮಾಡಿಸಿ. ಅದು ವಂಶದಿಂದಲೇ ನಿರ್ಧಾರವಾಗಿ, ಜೀವನದುದ್ದಕ್ಕೂ ಹೆಚ್ಚು ಬದಲಾಗದೆ ಇರುವುದರಿಂದ ಒಂದೇ ಸಲ ಸಾಕು. ಅದು 50 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಎಲ್‌ಡಿಎಲ್ ಅನ್ನು ಇನ್ನಷ್ಟು ಬಿಗಿಯಾಗಿ ಹಿಡಿತದಲ್ಲಿಡಬೇಕಾಗುತ್ತದೆ. ಮಾತ್ರೆ ಶುರುವಾದ 4ರಿಂದ 12 ವಾರಗಳೊಳಗೆ ಮರುಪರೀಕ್ಷೆ ಆಗಲಿ. ಮಾತ್ರೆಗೆ ಮುಂಚಿನ 218ರ ಈ ವರದಿಯನ್ನು ಜೋಪಾನವಾಗಿ ಎತ್ತಿಡಿ, ಏಕೆಂದರೆ ಮುಂದೆ ರೋಗನಿರ್ಣಯವನ್ನು ಖಚಿತಪಡಿಸುವ ವೈದ್ಯರು ಮೊದಲು ಕೇಳುವುದು ಚಿಕಿತ್ಸೆಯಿಲ್ಲದಾಗ ಇದ್ದ ಆ ಅಂಕಿಯನ್ನೇ.